ಸಂಜೆ ಏಳೂವರೆಯ ಗುಂಪು: ಕುಡಿತ ಬಿಟ್ಟವರು ಊರಲ್ಲೇ ಕೂಡಿ ಕೂರುವ ಬಗೆ

ಕುಡಿತ ಬಿಡಿಸುವುದು ಆಸ್ಪತ್ರೆಯ ಕೆಲಸ. ಎರಡು ವಾರಕ್ಕೆ ನಡುಕ ನಿಂತು, ಊಟ ಸೇರಿ, ನಿದ್ದೆ ಹತ್ತಿ ಮನೆಗೆ ಬಂದವನ ಎದುರಿಗೆ ಮತ್ತೆ ಅದೇ ಓಣಿ, ಹನುಮಪ್ಪನ ಗುಡಿ ಮುಂದಿನ ಅದೇ ಕಟ್ಟೆ, 'ಒಂದ್ ನೈಂಟಿಗೇನ್ ಆಗ್ತದ ಬಾರೋ' ಎನ್ನುವ ಅದೇ ಗೆಳೆಯರು. ಸಂಜೆ ಏಳಕ್ಕೆ ಆ ಕಟ್ಟೆಯ ಮೇಲೆ ಯಾವ ಡಾಕ್ಟರೂ ಕೂತಿರುವುದಿಲ್ಲ. ಆ ಹೊತ್ತಿಗೆ ಕೂರಲು ಇನ್ನೊಂದು ಜಾಗ ಮಾಡಿಕೊಡುವುದು ಗುಂಪಿನ ಕೆಲಸ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಯಾವುದೇ ಹೋಬಳಿಯಲ್ಲಿ, ಯಾವ ಅನುದಾನವೂ ಇಲ್ಲದೆ ಅದನ್ನು ಶುರು ಮಾಡಬಹುದು.

ಮೊದಲು ಆಸ್ಪತ್ರೆ

ಉತ್ಸಾಹದಲ್ಲಿ ಆಗುವ ದೊಡ್ಡ ತಪ್ಪು ಇಲ್ಲೇ. 'ನಾಳೆಯಿಂದ ಒಂದು ಹನಿ ಮುಟ್ಟಬೇಡ' ಎಂದು ಹೇಳಿ ಕಳಿಸುತ್ತಾರೆ. ಹತ್ತಾರು ವರ್ಷ ದಿನಾ ಕುಡಿದವನಿಗೆ ಆ ಮಾತು ಜೀವಕ್ಕೆ ಎರವಾಗಬಹುದು. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ಮಿದುಳು ಅದಕ್ಕೆದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡೇ ಇರುತ್ತದೆ. ಹಗ್ಗ ಜಗ್ಗುವಾಗ ಎದುರಿನವರು ಒಮ್ಮೆಲೇ ಕೈಬಿಟ್ಟರೆ ಏನಾಗುತ್ತದೆಯೋ ಅದೇ ಆಗುತ್ತದೆ. ಕೊನೆಯ ಗುಟುಕಿನ ಆರರಿಂದ ಹನ್ನೆರಡು ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆ ಮೇಲೆ ಹುಳ ಕಾಣುತ್ತವೆ, ಹೆಂಡತಿಯ ಗುರುತು ಸಿಗುವುದಿಲ್ಲ, ಜ್ವರ ಏರುತ್ತದೆ. ಊರಲ್ಲಿ ಇದಕ್ಕೆ ಗಾಳಿ ಬಡಿದಿದೆ ಎಂದು ಅಂತ್ರ ಕಟ್ಟಿಸಲು ಓಡುತ್ತಾರೆ. ಓಡಬೇಕಾದ್ದು 108ಕ್ಕೆ. ಫಿಟ್ಸ್ ಬಂದವನ ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಟವೆಲ್ ಇಡಿ.

ಯಾರನ್ನು ಮೊದಲು ಆಸ್ಪತ್ರೆಗೆ ಕಳಿಸಬೇಕು ಎಂದು ತಿಳಿಯಲು ನಾಲ್ಕು ಪ್ರಶ್ನೆ ಸಾಕು. ದಿನಕ್ಕೆ ಎಷ್ಟು ನೈಂಟಿ? ಬೆಳಿಗ್ಗೆ ಎದ್ದಾಗ ಕೈ ನಡುಗಿ, ಕುಡಿದ ಮೇಲೇ ನಿಲ್ಲುತ್ತದೆಯೇ? ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದಿತ್ತೇ? ಕಾಮಾಲೆ, ರಕ್ತವಾಂತಿ, ಸಕ್ಕರೆ ಕಾಯಿಲೆ ಇದೆಯೇ? 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಹಳ್ಳಿಗಳಲ್ಲಿ ಓಡುತ್ತಿರುವುದು 90 ಮಿಲಿಯ ಪೊಟ್ಟಣ. ಶೇ 42.8 ಮದ್ಯಸಾರದ ಒಂದು ಪೊಟ್ಟಣದಲ್ಲಿ ಸುಮಾರು 30 ಗ್ರಾಂ ಶುದ್ಧ ಮದ್ಯ ಇರುತ್ತದೆ. ದಿನಕ್ಕೆ ಮೂರು-ನಾಲ್ಕು ಪೊಟ್ಟಣ ಕುಡಿಯುವವನನ್ನು, ಅಥವಾ ಉಳಿದ ಮೂರು ಪ್ರಶ್ನೆಗಳಲ್ಲಿ ಒಂದಕ್ಕೆ 'ಹೂಂ' ಎಂದವನನ್ನು, ಮನೆಯಲ್ಲೇ ಬಿಡಿಸಲು ಹೋಗಬೇಡಿ.

ಸೇಂದಿ ಕುಡಿಯುವವರ ಲೆಕ್ಕ ಬೇರೆ. ತೆಲಂಗಾಣದ ಗಡಿಗೆ ಅಂಟಿದ ಗುರುಮಠಕಲ್, ಸೇಡಂ ಕಡೆ 'ಸೇಂದಿ' ಎಂದರೆ ಮರದಿಂದ ಇಳಿಸಿದ್ದೇ ಎಂದುಕೊಳ್ಳಬೇಡಿ. ಸಿ.ಎಚ್. ಪೌಡರ್ ಎನ್ನುವ ಕ್ಲೋರಲ್ ಹೈಡ್ರೇಟ್, ಅಲ್‌ಪ್ರಜೋಲಾಮ್, ಡಯಾಜೆಪಾಮ್ ಬೆರೆಸಿದ ಕಲಬೆರಕೆ ಸೇಂದಿ ಗಡಿಯ ಎರಡೂ ಕಡೆ ಹಳೆಯ ಪಿಡುಗು. ಇಂಥದ್ದನ್ನು ದಿನಾ ಕುಡಿದವನಿಗೆ ಹತ್ತಿರುವುದು ನಿದ್ದೆ ಮಾತ್ರೆಯ ಚಟ. ಅಂಗಡಿ ಮೇಲೆ ದಾಳಿಯಾಗಿ ಸೇಂದಿ ಒಮ್ಮೆಲೇ ನಿಂತರೆ ಓಣಿಗೆ ಓಣಿಯೇ ಹುಚ್ಚಾಟವಾಡಿದಂತೆ ಕಾಣುವುದು ಇದರಿಂದಲೇ. ಡಯಾಜೆಪಾಮ್ ಮೈಯಲ್ಲಿ ಬಹಳ ದಿನ ಉಳಿಯುವುದರಿಂದ ತೊಂದರೆ ಮೂರನೇ ದಿನ ಕಳೆದ ಮೇಲೂ, ವಾರದ ಕೊನೆಗೂ ಶುರುವಾಗಬಹುದು. 'ಮೂರು ದಿನ ದಾಟಿತು, ಇನ್ನೇನೂ ಆಗಲ್ಲ' ಎಂಬ ಧೈರ್ಯ ಇಲ್ಲಿ ನಡೆಯದು. ಡಾಕ್ಟರ್ ಎದುರು 'ಶೆರೆ' ಎಂದಷ್ಟೇ ಹೇಳದೆ 'ಸೇಂದಿ' ಎಂದು ಬಿಡಿಸಿ ಹೇಳಲು ಕಲಿಸಿ.

ಇನ್ನೊಂದು, ಗ್ಲೂಕೋಸ್ ಬಾಟಲಿ. ಸುಸ್ತಾಗಿದೆ ಎಂದು ಊರಲ್ಲೇ ಒಂದು ಬಾಟಲಿ ಏರಿಸಿಬಿಡುವುದು ನಮ್ಮ ಕಡೆ ರೂಢಿ. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವನ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬತ್ತಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬಿದ್ದು ನಡಿಗೆ, ನೆನಪು ಎರಡೂ ಕೆಡುವ ಅಪಾಯ ಉಂಟು. 'ಮೊದಲು ಥಯಾಮಿನ್ ಇಂಜೆಕ್ಷನ್ ಕೊಡ್ರಿ' ಎಂದು ಕೇಳುವ ಹಕ್ಕು ಮನೆಯವರಿಗಿದೆ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಅಲ್ಲಿ ಮನೋರೋಗ ವಿಭಾಗವನ್ನೇ ಕೇಳಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮಕ್ಕೆ ಮಂಗಳವಾರ ಗೊತ್ತುಮಾಡಲಾಗಿತ್ತು. ನಿಮ್ಮ ತಾಲ್ಲೂಕಿಗೆ ಯಾವ ವಾರ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯಿಂದ ಮೊದಲೇ ಕೇಳಿಟ್ಟುಕೊಳ್ಳಿ. ಖಾಸಗಿ 'ವ್ಯಸನಮುಕ್ತಿ ಕೇಂದ್ರ'ಕ್ಕೆ ಸೇರಿಸುವುದಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ ಇದೆಯೇ, ಡಾಕ್ಟರ್ ದಿನಾ ಬರುತ್ತಾರೆಯೇ, ಮನೆಯವರು ಭೇಟಿಯಾಗಬಹುದೇ ಎಂದು ಕೇಳಿ. ಮೂರನೆಯದಕ್ಕೆ 'ಇಲ್ಲ' ಎಂದರೆ ಅಲ್ಲಿಂದ ಎದ್ದು ಬನ್ನಿ.

ಇಬ್ಬರು, ಒಂದು ಜಾಗ, ಒಂದು ಹೊತ್ತು

ಶುರುವಿಗೆ ಇಬ್ಬರು ಸಾಕು. ಕುಡಿತ ಬಿಟ್ಟವರ ಜಗತ್ತಿನಾದ್ಯಂತದ ಗುಂಪಾದ ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಕೂಡ 1935ರಲ್ಲಿ ಅಮೆರಿಕದ ಆ್ಯಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯಾಪಾರಿ, ಇನ್ನೊಬ್ಬ ಸರ್ಜನ್, ಎದುರುಬದುರು ಕೂತಾಗ ಹುಟ್ಟಿದ್ದು. ಆದರೆ ಇಬ್ಬರಲ್ಲಿ ಒಬ್ಬನಾದರೂ ಬಿಟ್ಟು ಒಂದು ವರ್ಷ ಆಗಿರಲಿ. ಮೂರು ತಿಂಗಳ ಹಿಂದೆ ಬಿಟ್ಟವನಿಗೆ ಉತ್ಸಾಹ ಜಾಸ್ತಿ ಇರುತ್ತದೆ, ಅವನನ್ನೇ ಮುಂದೆ ತಳ್ಳುತ್ತಾರೆ. ಅವನು ಜಾರಿದ ದಿನ ಗುಂಪೂ ಒಡೆಯುತ್ತದೆ. ನಡೆಸುವವರು ಇಬ್ಬರಿರಲಿ, ಮೂರು ತಿಂಗಳಿಗೊಮ್ಮೆ ಬದಲಾಗಲಿ. ಊರ ಗೌಡರನ್ನೋ ಪಂಚಾಯಿತಿ ಸದಸ್ಯರನ್ನೋ ಅಧ್ಯಕ್ಷರನ್ನಾಗಿ ಮಾಡುವ ಆಸೆ ಬಂದರೆ ತಡೆದುಕೊಳ್ಳಿ. ಹಾರ, ಶಾಲು, ಬ್ಯಾನರ್, ಫೋಟೊ ಬಂದ ಗುಂಪಿಗೆ ಕುಡುಕ ಬರುವುದಿಲ್ಲ.

ಜಾಗ: ಶಾಲೆಯ ಒಂದು ಕೋಣೆ, ಅಂಗನವಾಡಿ, ಯಾರದಾದರೂ ಪಡಸಾಲೆ. ಮಠ, ಮಸೀದಿ, ಚರ್ಚು, ಗುಡಿ ಕೊಡುತ್ತೇವೆ ಎಂದರೆ ಕೈಮುಗಿದು ಬೇರೆ ಜಾಗ ಹುಡುಕುವುದು ಮೇಲು. ಅಲ್ಲಿಗೆ ಕಾಲಿಡಲು ಹಿಂಜರಿಯುವವರು ಪ್ರತಿ ಊರಲ್ಲೂ ಇರುತ್ತಾರೆ. ಕೆಲವರಿಗೆ ಧರ್ಮದ ಕಾರಣ, ಕೆಲವರಿಗೆ ಜಾತಿಯ ಕಾರಣ. ತಾಂಡಾದವರಿಗೂ ಊರವರಿಗೂ ಸಮನಾಗಿ ಹತ್ತಿರವಾಗುವ ಜಾಗ ಸಿಕ್ಕರೆ ಬಂಗಾರ. ನೆಲಕ್ಕೆ ಒಂದೇ ಜಮಖಾನೆ, ಎಲ್ಲರೂ ಅದರ ಮೇಲೆಯೇ. ಇಬ್ಬರಿಗೆ ಕುರ್ಚಿ, ಉಳಿದವರಿಗೆ ನೆಲ ಎಂದಾಗಕೂಡದು. ಹೋಗುವ ದಾರಿಯಲ್ಲಿ ಬಾರ್ ಇರದಂತೆ ನೋಡಿಕೊಳ್ಳಿ. ಮದ್ಯ ಮಾರುವ ಕಿರಾಣಿ ಅಂಗಡಿಯೂ ಬಾರೇ.

ಹೊತ್ತು ಏಳೂವರೆಯಿಂದ ಒಂಬತ್ತು. ತಲಬು, ಅಂದರೆ ಕುಡಿಯಲೇಬೇಕೆಂಬ ತುಡಿತ, ಏಳುವ ಹೊತ್ತೇ ಅದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ಎಲ್ಲರಿಗೂ ಅನುಕೂಲ, ಯಾರಿಗೂ ಉಪಯೋಗವಿಲ್ಲ. ವಾರ ಸೋಮವಾರವಾದರೆ, ಅಂದು ಕಷ್ಟದಲ್ಲಿದ್ದಾನೆ ಎಂದು ಕಂಡವನನ್ನು ಮಂಗಳವಾರ ಬೆಳಿಗ್ಗೆಯೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬಹುದು. ಎರಡನೇ ದಿನ ಸೇರಿಸುವ ಶಕ್ತಿ ಬಂದಾಗ ಕೂಲಿ ಬಟವಾಡೆಯ ಶನಿವಾರ ಅಥವಾ ಊರ ಸಂತೆಯ ದಿನ ಆರಿಸಿ. ಹನ್ನೆರಡು ಮಂದಿ ಮೀರಿದರೆ ಎರಡು ಗುಂಪು ಮಾಡಿ. ಅದಕ್ಕಿಂತ ಹೆಚ್ಚಾದರೆ ಒಬ್ಬೊಬ್ಬರಿಗೆ ಮಾತಿನ ಸರದಿ ಸಿಗುವುದಿಲ್ಲ.

ಬೇಕಾದ ಸಾಮಾನು: ಜಮಖಾನೆ, ಗೋಡೆ ಗಡಿಯಾರ, ಕರೆಂಟು ಹೋದಾಗ ಹಚ್ಚಲು ಚಾರ್ಜಿಂಗ್ ಲೈಟು, ನೀರಿನ ಕೊಡ, ಚಹಾ, ಚಹಾದ ಜೊತೆ ಹೊಟ್ಟೆಗೆ ಏನಾದರೂ. ಚುರುಮುರಿ, ಶೇಂಗಾ, ಬಾಳೆಹಣ್ಣು, ಯಾವುದಾದರೂ ಸರಿ. ಹೊಲದಿಂದ, ಕಲ್ಲಿನ ಗಣಿಯಿಂದ ನೇರ ಬಂದವನಿಗೆ ಹಸಿವಿಗೂ ತಲಬಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅರ್ಧ ತಲಬು ಹೊಟ್ಟೆ ತುಂಬಿದರೆ ಇಳಿಯುತ್ತದೆ.

ಚಂದಾ ಕಡ್ಡಾಯ ಬೇಡ. ಚಹಾದ ಡಬ್ಬಿ ಮೂಲೆಯಲ್ಲಿರಲಿ, ಹಾಕುವವರು ಹಾಕಲಿ. ಹಣ ಐದುನೂರು ದಾಟಿದರೆ ಖರ್ಚು ಮಾಡಿಬಿಡಿ. ಗುಂಪಿನ ದುಡ್ಡು ಒಬ್ಬನ ಕಿಸೆಯಲ್ಲಿ ಬೆಳೆದರೆ ಜಗಳಕ್ಕೂ ಕುಡಿತಕ್ಕೂ ಒಟ್ಟಿಗೆ ದಾರಿ.

ಒಂದೂವರೆ ಗಂಟೆ ನಡೆಯುವ ರೀತಿ

ಮೊದಲ ಹತ್ತು ನಿಮಿಷ ಚಹಾ. ಹೊಸಬ ಬಂದಿದ್ದರೆ ಒಬ್ಬರು ಅವನ ಪಕ್ಕದಲ್ಲೇ ಕೂರಲಿ. ಹೆಸರು ಹೇಳಬೇಕಿಲ್ಲ, ಊರು ಹೇಳಬೇಕಿಲ್ಲ, ಮಾತೇ ಆಡಬೇಕಿಲ್ಲ ಎಂದು ಮೆಲ್ಲಗೆ ತಿಳಿಸಲಿ. ರಿಜಿಸ್ಟರ್‌ನಲ್ಲಿ ತಾರೀಖು ಮತ್ತು ತಲೆ ಎಣಿಕೆ ಮಾತ್ರ, ಹೆಸರಿಲ್ಲ.

ನಂತರ ನಡೆಸುವವರು ನಿಯಮ ಓದಬೇಕು. ಪ್ರತಿವಾರ, ಹಳಬರೇ ಇದ್ದರೂ. ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು. ನನ್ನ ಮಾತು ನಾನು, ಇನ್ನೊಬ್ಬರ ಮಾತು ಇನ್ನೊಬ್ಬರು. ಬುದ್ಧಿ ಹೇಳುವಂತಿಲ್ಲ. ಫೋನು ಬಂದ್. ನಾಲ್ಕೇ ಸಾಲು, ಉದ್ದವಾದರೆ ಯಾರೂ ಕೇಳುವುದಿಲ್ಲ.

ಆಮೇಲೆ ಸರದಿ. ಒಬ್ಬರಿಗೆ ಐದು ನಿಮಿಷ. ಪ್ರಶ್ನೆ ಸಣ್ಣದಾಗಿರಲಿ: 'ಹೋದ ಸೋಮವಾರದಿಂದ ಇವತ್ತಿನ ತನಕ, ಕುಡೀಬೇಕಂತ ಭಾಳ ಅನಿಸಿದ ಒಂದ್ ಹೊತ್ತು ಹೇಳ್ರಿ.' 'ನಿಮ್ಮ ಜೀವನದ ಬಗ್ಗೆ ಹೇಳಿ' ಎಂದರೆ ಭಾಷಣ ಬರುತ್ತದೆ, ಇಲ್ಲಾ ಅಳು ಬರುತ್ತದೆ. ಒಂದು ಹೊತ್ತನ್ನು ಕೇಳಿದರೆ ವಿವರ ಬರುತ್ತದೆ: ಬಸ್ಸಿಳಿದು ಮನೆಗೆ ಎರಡು ದಾರಿ ಇತ್ತು, ಅಂಗಡಿ ಇಲ್ಲದ ದಾರಿಗೆ ಕೆಸರಿತ್ತು, ಹೊಸ ಚಪ್ಪಲಿ ಕೈಯಲ್ಲಿ ಹಿಡಿದು ಆ ಕೆಸರಲ್ಲೇ ಬಂದೆ. ಈ ವಿವರದಿಂದಲೇ ಎದುರು ಕೂತವನು ತನ್ನ ಊರಿನ ಎರಡನೇ ದಾರಿ ಯಾವುದೆಂದು ಯೋಚಿಸುತ್ತಾನೆ.

ಸುಮ್ಮನೆ ಕೇಳುವುದು ನಮ್ಮ ಮಂದಿಗೆ ಬಹಳ ಕಷ್ಟ. ಒಬ್ಬ 'ಹೆಂಡ್ತಿ ತವರಿಗೆ ಹೋಗ್ಯಾಳ' ಎಂದ ಕೂಡಲೇ ನಾಲ್ಕು ಜನ ರಾಜಿ ಪಂಚಾಯಿತಿ ಶುರು ಮಾಡುತ್ತಾರೆ. ಅಲ್ಲಿ ನಡೆಸುವವರು ಕೈಯೆತ್ತಿ, 'ಅದು ಚಹಾ ಕುಡಿಯೂ ಮುಂದ. ಈಗ ಅವ್ರ ಸರದಿ' ಎನ್ನಬೇಕು. ಬುದ್ಧಿಮಾತು ಯಾಕೆ ಬೇಡವೆಂದರೆ, ಕುಡಿದವನು ಹತ್ತು ವರ್ಷ ಅದನ್ನೇ ಕೇಳಿದ್ದಾನೆ. ಕೇಳುತ್ತಾ 'ಹೂಂ' ಎನ್ನುತ್ತಾ ಒಳಗೇ ಬಾಗಿಲು ಹಾಕಿಕೊಳ್ಳುವುದರಲ್ಲಿ ಪಳಗಿದ್ದಾನೆ. ಸಲಹೆ ಬೇಕೇ ಬೇಕಿದ್ದರೆ ಅವನೇ ಕೇಳಲಿ, ಕೊಡುವವನು 'ನಾ ಹಿಂಗ ಮಾಡಿದ್ದೆ' ಎಂದಷ್ಟೇ ಹೇಳಲಿ. ಇನ್ನೊಂದು ರೋಗ, ಕುಡಿದ ದಿನಗಳ ಸಾಹಸಕಥೆ. ಎಷ್ಟು ಕುಡಿದೆ, ಯಾರಿಗೆ ಹೊಡೆದೆ ಎಂದು ಶುರುವಾದರೆ ಇಡೀ ಕೋಣೆಯ ಬಾಯಲ್ಲಿ ನೀರೂರುತ್ತದೆ. ಅಲ್ಲೇ ತಡೆಯಿರಿ.

ಕೊನೆಯ ಹತ್ತು ನಿಮಿಷ ಮುಂದಿನ ಏಳು ದಿನದ್ದು. ಮದುವೆ, ಸಂತೆ, ಬ್ಯಾಂಕಿಗೆ ಹೋಗುವ ದಿನ, ಭಾವಮೈದುನ ಬರುವ ದಿನ ಯಾವುದು? ಆ ದಿನ ಜೊತೆಗೆ ಯಾರು? ಪ್ರತಿಯೊಬ್ಬರ ಬಳಿ ಇಬ್ಬರ ಫೋನ್ ನಂಬರ್ ಇರಲಿ, ಕಾಗದದ ಮೇಲೆ. ಮೊಬೈಲು ಒತ್ತೆ ಬಿದ್ದ ದಿನವೇ ಆ ನಂಬರ್ ಬೇಕಾಗುವುದು. ವಾಟ್ಸ್ಆ್ಯಪ್ ಗುಂಪು ಮಾಡದಿದ್ದರೆ ಒಳ್ಳೆಯದು. ಒಬ್ಬನ ಫೋನು ಮನೆಯಲ್ಲಿ ಐದು ಜನರ ಕೈಗೆ ಹೋಗುತ್ತದೆ, ಗುಟ್ಟು ಉಳಿಯುವುದಿಲ್ಲ; ಮೂರನೇ ವಾರಕ್ಕೆ ಅದರಲ್ಲಿ ಶುಭೋದಯದ ಹೂವು, ರಾಜಕೀಯ ಮಾತ್ರ ಉಳಿಯುತ್ತವೆ.

ತಲಬು ಎದ್ದಾಗ ಫೋನು ಬಂದರೆ ಏನು ಮಾತಾಡಬೇಕು? ಉಪದೇಶವಲ್ಲ. ತಲಬು ಅಲೆಯಂತೆ ಏರಿ, ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷದಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ಅವನನ್ನು ಮಾತಲ್ಲಿ ಹಿಡಿದಿಟ್ಟರೆ ಆಯಿತು. ಎಲ್ಲಿದ್ದೀರಿ, ಊಟ ಆಯಿತೇ, ಕಿಸೆಯಲ್ಲಿ ಎಷ್ಟಿದೆ, ಅಲ್ಲಿಂದ ಎದ್ದು ನಡೆಯುತ್ತಾ ಮಾತಾಡಿ, ಒಂದು ಚೊಂಬು ನೀರು ಕುಡಿಯಿರಿ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದಿದೆ ಎಂದು ಕೇಳಿ ಅದಕ್ಕೆ ಮದ್ದು ಹುಡುಕಿ.

ಆಣೆ, ಮಾಲೆ, ಗುಟ್ಟಿನ ಮಾತ್ರೆ

ನಮ್ಮ ಜಿಲ್ಲೆಗಳಲ್ಲಿ ಕುಡಿತ ಬಿಡುವ ಹಳೆಯ ದಾರಿ ಆಣೆ ಮಾಡುವುದು, ಮಾಲೆ ಹಾಕುವುದು. ಪಂಢರಪುರದ ತುಳಸಿ ಮಾಲೆ ಹಾಕಿ ಬಿಟ್ಟು ಇವತ್ತಿಗೂ ಮುಟ್ಟದವರು ಬೀದರ್, ಆಳಂದ ಕಡೆ ಬೇಕಾದಷ್ಟು ಸಿಗುತ್ತಾರೆ. ಅದನ್ನು ಗೇಲಿ ಮಾಡಬೇಡಿ. ಅವರಿಗೆ ದಿಂಡಿ, ಭಜನೆ, ಏಕಾದಶಿ ಎಂಬ ಇನ್ನೊಂದು ಗುಂಪೇ ಸಿಕ್ಕಿರುತ್ತದೆ. ತೊಂದರೆ ಇರುವುದು ಅವಧಿ ಇಟ್ಟು ಹಾಕುವ ಮಾಲೆಯಲ್ಲಿ. ನಲವತ್ತೊಂದನೇ ದಿನ ಮಾಲೆ ತೆಗೆದವನು ಹಿಂದಿನ ಅಳತೆಯಲ್ಲೇ ಕುಡಿಯುತ್ತಾನೆ. ಅಷ್ಟರಲ್ಲಿ ಮೈಯ ತಾಳಿಕೆ ಇಳಿದಿರುತ್ತದೆ, ಅದೇ ಅಳತೆ ಈಗ ವಿಷ. ಮಾಲೆ ತೆಗೆಯುವ ತಾರೀಖು ಕೇಳಿಟ್ಟುಕೊಂಡು ಆ ಸಂಜೆ ಅವನ ಜೊತೆ ಇಬ್ಬರಿರಿ. ಗುಂಪಿನಲ್ಲಿ ಮಾತ್ರ ಆಣೆ ಮಾಡಿಸಬೇಡಿ. ಮಗಳ ತಲೆ ಮುಟ್ಟಿ ಆಣೆ ಮಾಡಿದವನು ಜಾರಿದರೆ ನಾಚಿಕೆಗೆ ಗುಂಪಿಗೂ ಬರುವುದಿಲ್ಲ, ಮನೆಗೂ ಹೋಗುವುದಿಲ್ಲ.

ಗುಟ್ಟಿನ ಮಾತ್ರೆಯ ವಿಷಯದಲ್ಲಿ ಸಡಿಲ ಬಿಡಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆ ನುಂಗಿದವನು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಗೊತ್ತಿದ್ದು ಒಪ್ಪಿ ನುಂಗುವವನಿಗೆ ಆ ಹೆದರಿಕೆಯೇ ಆಸರೆ. ಗೊತ್ತಿಲ್ಲದೆ ಸಾರಲ್ಲಿ ಬೆರೆಸಿ ಕೊಟ್ಟರೆ ಅವನು ಎಂದಿನಂತೆ ಕುಡಿದು ಸಾಯಲೂಬಹುದು. ಕೊನೆಯ ಮಾತ್ರೆಯ ನಂತರ ಎರಡು ವಾರದವರೆಗೂ ಅದರ ಕಾಟ ಇರಬಹುದು. 'ಗೊತ್ತಾಗದಂತೆ ಊಟದಲ್ಲಿ ಹಾಕಿ' ಎಂದು ಮಾರುವ ಪುಡಿಗಳಲ್ಲಿ ಏನಿದೆ ಎಂದು ಮಾರುವವನೂ ಹೇಳುವುದಿಲ್ಲ. ಹೆಂಡತಿ ಬಂದು 'ಹಾಕ್ಲಿಕತ್ತೀನಿ' ಎಂದರೆ ಬೈಯದೆ, ಅಂದೇ ನಿಲ್ಲಿಸಲು ಹೇಳಿ ಡಾಕ್ಟರ್ ಬಳಿ ಕಳಿಸಿ.

ಕುಡಿದು ಬಂದವನು, ಜಾರಿದವನು

ಇವರಿಬ್ಬರೂ ಬೇರೆ. ಬಾಗಿಲಿಗೆ ಕುಡಿದು ಬಂದವನನ್ನು ಓಡಿಸಬೇಡಿ, ಸರದಿಯಲ್ಲೂ ಕೂರಿಸಬೇಡಿ. ಗುಂಪು ನಡೆಸುವ ಇಬ್ಬರಲ್ಲಿ ಒಬ್ಬರು ಹೊರಗೆ ಹೋಗಿ, 'ಬಂದಿದ್ದು ಛಲೋ ಆತು. ಇವತ್ತ ಮಾತು ಬ್ಯಾಡ, ಚಹಾ ಕುಡೀರಿ. ನಾಳೆ ಮುಂಜಾನೆ ನಾನೇ ಬರ್ತೀನಿ' ಎಂದು ಕಟ್ಟೆ ಮೇಲೆ ಕೂರಿಸಿ, ಗಾಡಿಯ ಕೀಲಿ ಇಸಿದುಕೊಂಡು, ಮನೆ ಮುಟ್ಟಿಸಬೇಕು. ಮರುದಿನ ಬೆಳಿಗ್ಗೆ ಹೋಗಲೇಬೇಕು. ಹೋಗದಿದ್ದರೆ ಹಿಂದಿನ ಸಂಜೆಯ ಮಾತಿಗೆ ಬೆಲೆಯಿಲ್ಲ.

ಜಾರಿ, ಎರಡು ವಾರ ಕಾಣದೆ ಮತ್ತೆ ಬಂದವನಿಗೆ ವಿಚಾರಣೆ ಬೇಡ. ಸರದಿ ಬಂದಾಗ ಒಂದೇ ಪ್ರಶ್ನೆ: ಗ್ಲಾಸು ಹಿಡಿಯುವುದಕ್ಕೆ ಮುಂಚಿನ ಎರಡು ದಿನ ಏನು ನಡೆದಿತ್ತು? ಕುಡಿತ ಕೊನೆಯ ಹೆಜ್ಜೆ. ಅದರ ಹಿಂದೆ ಮಾತ್ರೆ ಬಿಟ್ಟದ್ದು, ನಿದ್ದೆ ಕೆಟ್ಟದ್ದು, ಗುಂಪು ತಪ್ಪಿಸಿದ್ದು, ಹಳೆ ಗೆಳೆಯನಿಗೆ 'ಸುಮ್ನೆ' ಫೋನು ಮಾಡಿದ್ದು ಸಾಲಾಗಿ ನಿಂತಿರುತ್ತವೆ. ದಿನಾ ಬೆಳಿಗ್ಗೆ ಕುಡಿಯುವ ಮಟ್ಟಕ್ಕೆ ಮರಳಿದ್ದರೆ ಮತ್ತೆ ಆಸ್ಪತ್ರೆಯಿಂದಲೇ ಶುರು.

ಮನೆಯವರಿಗೆ ಬೇರೆ ಕೂಟ

ಹೆಂಡತಿ, ತಾಯಿ, ದೊಡ್ಡ ಮಕ್ಕಳಿಗೆ ಬೇರೆ ದಿನ, ಮಧ್ಯಾಹ್ನದ ಹೊತ್ತು. ಅಲ್-ಅನಾನ್ ಹೆಸರಿನ ಇಂಥ ಕುಟುಂಬ ಕೂಟಗಳು ಅಮೆರಿಕದಲ್ಲಿ 1951ರಿಂದಲೇ ಇವೆ. ಶಕ್ತಿ ಯೋಜನೆ ಬಂದ ಮೇಲೆ ಪಕ್ಕದ ಊರಿನ ಕೂಟಕ್ಕೆ ಹೋಗಿಬರುವುದು ಹೆಂಗಸರಿಗೆ ಸುಲಭ. ಪಕ್ಕದ ಊರಾದರೆ ಗುರುತಿನವರ ಕಣ್ಣೂ ತಪ್ಪುತ್ತದೆ. ಅಲ್ಲಿ ಅವನ ಮಾತಿಗಿಂತ ಇವರ ಮಾತು ಮುಖ್ಯ: ಅವನ ಸಾಲ ನಾನು ತೀರಿಸಬೇಕೇ, ಕೆಲಸದ ಮಾಲೀಕನಿಗೆ 'ಜ್ವರ' ಎಂದು ಸುಳ್ಳು ಹೇಳಬೇಕೇ, ಹೊಡೆದಾಗ ಎಲ್ಲಿಗೆ ಹೋಗಬೇಕು. ಹೊಡೆತ ಇದ್ದರೆ 'ತಾಳಿಕೋ' ಎಂಬ ಮಾತು ಗುಂಪಿನಿಂದ ಬರಲೇಕೂಡದು. ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಕರೆಯ 112 ನಂಬರ್ ಹೇಳಿಕೊಡಿ. ಕುಡಿಯುವ ಹೆಂಗಸರೂ ಇದ್ದಾರೆ, ಸೇಂದಿಯ ಊರುಗಳಲ್ಲಿ ಹೆಚ್ಚೇ. ಗಂಡಸರ ಗುಂಪಿಗೆ ಅವರು ಬರುವುದಿಲ್ಲ. ಈ ಮಧ್ಯಾಹ್ನದ ಕೂಟದಲ್ಲೇ ಮೆಲ್ಲಗೆ ಬಾಯಿ ಬಿಡುತ್ತಾರೆ.

ಖಿನ್ನತೆ, ಆತಂಕ ಇರುವವರೂ ಇದೇ ಚೌಕಟ್ಟಿನಲ್ಲಿ ಗುಂಪು ನಡೆಸಬಹುದು. ಒಂದು ಎಚ್ಚರ: ಯಾರ ಮಾತ್ರೆಯನ್ನೂ ಯಾರೂ ನಿಲ್ಲಿಸಲು, ಹಂಚಿಕೊಳ್ಳಲು ಹೇಳುವಂತಿಲ್ಲ. 'ನನಗ ಮಾತ್ರಿ ಇಲ್ದ ಕಡಿಮಿ ಆತು' ಎಂಬ ಒಳ್ಳೆಯ ಮನಸ್ಸಿನ ಮಾತು ಇನ್ನೊಬ್ಬನಿಗೆ ಮುಳುವಾಗುತ್ತದೆ.

ಸಾವಿನ ಮಾತು ಬಂದಾಗ

'ಇದ್ದು ಏನ್ ಮಾಡೂದದ' ಎಂದು ಯಾರಾದರೂ ಅಂದರೆ ಮಾತು ಮರೆಸಬೇಡಿ. ಕೂಟ ಮುಗಿದ ಮೇಲೆ ಪಕ್ಕಕ್ಕೆ ಕರೆದು ನೇರವಾಗಿ ಕೇಳಿ: 'ಸಾಯಬೇಕಂತ ಅನಿಸ್ಲಿಕತ್ತದೇನ್ರಿ? ಹೆಂಗಂತ ಯೋಚ್ನಿ ಮಾಡೀರೇನು?' ಕೇಳಿದರೆ ಹೊಸದಾಗಿ ಆ ಯೋಚನೆ ಹುಟ್ಟುವುದಿಲ್ಲ. ದಾರಿ ಯೋಚಿಸಿದ್ದಾನೆ ಎಂದರೆ ಆ ರಾತ್ರಿ ಒಬ್ಬನೇ ಇರಬಾರದು. 14416, ಟೆಲಿ-ಮಾನಸ್, ಹಗಲು ರಾತ್ರಿ ಕನ್ನಡದಲ್ಲಿ ಸಿಗುತ್ತದೆ, ದುಡ್ಡಿಲ್ಲ. ಸ್ಪೀಕರ್ ಹಾಕಿ ಜೊತೆಗೆ ಕೂತೇ ಮಾತಾಡಿಸಿ. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446.

ತೊಗರಿ ಹೂ ಬಿಡುವ ಅಕ್ಟೋಬರ್-ನವೆಂಬರ್‌ನಲ್ಲಿ ಕಾಯಿಕೊರಕಕ್ಕೆ ತಂದ ಔಷಧಿ ಪ್ರತಿ ಮನೆಯ ಮಾಡಿನಲ್ಲಿರುತ್ತದೆ. ಕುಡಿದ ಸಿಟ್ಟಿನಲ್ಲಿ ಕೈಗೆ ಸಿಗುವುದು ಅದೇ. ಆ ಎರಡು ತಿಂಗಳು ಔಷಧಿಯನ್ನು ಗುಂಪಿನ ಇನ್ನೊಬ್ಬರ ಮನೆಯಲ್ಲೋ, ಬೀಗ ಹಾಕಿದ ಪೆಟ್ಟಿಗೆಯಲ್ಲೋ ಇಡಿಸಿ, ಕೀಲಿ ಬೇರೆಯವರ ಕೈಯಲ್ಲಿರಲಿ. ಆ ಕ್ಷಣದ ಆವೇಗ ಇಳಿಯುವವರೆಗೆ ಡಬ್ಬಿ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ. ಆ ಔಷಧಿ ಕುಡಿದೇಬಿಟ್ಟಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಕೆಲಸಕ್ಕೆ ಇಳಿಯಬೇಡಿ. ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಿ. ಕೇಸಾಗುತ್ತದೆಂದು ಮುಚ್ಚಿಡುವವರಿಗೆ ಹೇಳಿ: 2017ರ ಕಾಯ್ದೆಯ 115ನೇ ಕಲಮು ಇಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮನ್ನು ಕೈಬಿಡಲಾಗಿದೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ಇದ್ದೇ ಇದೆ, ಅದಕ್ಕೆ ಗಾಬರಿ ಬೇಡ.

ವರ್ಷದ ಕಷ್ಟದ ತಿಂಗಳು

ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿಯಾಗಿ ಕೈಗೆ ದುಡ್ಡು, ಜೊತೆಗೆ ಎಳ್ಳಮಾವಾಸ್ಯೆ, ಸಂಕ್ರಮಣ, ಮೈಲಾಪುರದ ಜಾತ್ರೆ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಊಟಕ್ಕೆ ಗುಂಪಿನವರೆಲ್ಲ ಒಂದೇ ಹೊಲಕ್ಕೆ ಮನೆಮಂದಿ ಸಮೇತ ಹೋಗುವ ಏರ್ಪಾಡು ಮಾಡಿ. ತೊಗರಿಯ ಹಣ ಹೆಂಡತಿಯ ಅಥವಾ ಜಂಟಿ ಖಾತೆಗೆ ಬೀಳಲಿ. ಹೋಳಿಯ ದಿನ ಕೂಟ ಇಡೀ ದಿನ ತೆರೆದಿರಲಿ. ಚುನಾವಣೆ ಬಂದರೆ ಮತದಾನಕ್ಕೆ ಮುಂಚಿನ ವಾರ ದಿನಾ ಕೂಡಿ. ಹಂಚುವವರು ಬಿಟ್ಟವರ ಮನೆಯನ್ನೂ ಬಿಡುವುದಿಲ್ಲ.

ಫೆಬ್ರವರಿಯ ಹೊತ್ತಿಗೆ ಅರ್ಧ ಗುಂಪು ಗುಳೆ ಹೋಗುತ್ತದೆ. ಶೆಡ್ಡಿನ ಬದುಕು, ವಾರದ ಬಟವಾಡೆ, ಒಂಟಿತನ ಕೂಡಿದಲ್ಲಿ ಜಾರುವುದು ಸಲೀಸು. ಹೋಗುವ ಮುಂಚೆ ಎರಡು ತಿಂಗಳ ಮಾತ್ರೆ ಬರೆಸಿಕೊಳ್ಳಲಿ, ಚೀಟಿಯ ಫೋಟೊ ಫೋನಿನಲ್ಲಿರಲಿ. ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿನಲ್ಲಿ ಎ.ಎ. ಗುಂಪುಗಳಿವೆ, ಕೆಲಸದ ಜಾಗಕ್ಕೆ ಹತ್ತಿರದ್ದು ಯಾವುದೆಂದು ಹೋಗುವ ಮೊದಲೇ ಹುಡುಕಿ ಬರೆದುಕೊಡಿ. ಸೋಮವಾರ ಏಳೂವರೆಗೆ ಇಲ್ಲಿಂದ ಒಂದು ಫೋನು ಹೋಗಬೇಕು, ಯಾರು ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಊರಲ್ಲಿ ಉಳಿದವರು ಏಪ್ರಿಲ್ ಹೊತ್ತಿಗೆ ಮೂರೇ ಜನ ಆಗಬಹುದು, ಯಾವುದೋ ವಾರ ಒಬ್ಬನೇ. ಆಗ 'ಮಳೆಗಾಲಕ್ಕೆ ಶುರು ಮಾಡೋಣ' ಎಂದು ಬಾಗಿಲು ಹಾಕುವುದರಿಂದಲೇ ಬಹಳ ಗುಂಪುಗಳು ನಿಂತುಹೋಗುವುದು. ಸೆಕೆಗೆ ಒಳಗೆ ಕೂರಲಾಗದಿದ್ದರೆ ಜಮಖಾನೆಯನ್ನು ಅಂಗಳಕ್ಕೆ ತನ್ನಿ. ಕೋಣೆಯ ಕೀಲಿ ಇಬ್ಬರ ಬಳಿ ಇರಲಿ, ಒಬ್ಬರು ಮದುವೆಗೆ ಹೋದರೂ ಇನ್ನೊಬ್ಬರು ತೆರೆಯುವಂತೆ. ಒಬ್ಬನೇ ಬಂದರೂ ಚಹಾ ಕಾಯಿಸಿ, ನಿಯಮ ಓದಿ, ಅವನಿಗೆ ಐದು ನಿಮಿಷ ಕೊಟ್ಟು, ನಿಮ್ಮ ಐದು ನಿಮಿಷ ನೀವು ಮಾತಾಡಿ.